ಇಮಾನಪ್ಪನ ಮೈಮೇಲಿನ ತಗಡು

ಸೊಲ್ಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಯರ ಫೋಟೊಗಳು ಸಾಲಾಗಿ ತೂಗುತ್ತವೆ. ಎಲ್ಲಕ್ಕೂ ಹಾರ ಇದೆ, ದೊಡ್ಡಪ್ಪನ ಫೋಟೊಗೆ ಮಾತ್ರ ಇಲ್ಲ. ಅವರು ನನ್ನ ಅಪ್ಪನ ಅಣ್ಣ. ಎರಡನೇ ಮಹಾಯುದ್ಧದ ಕಾಲಕ್ಕೆ ವಾಯುಪಡೆ ಸೇರಿ, ಇಬ್ಬರು ಕೂರುವ ಬಾಂಬರ್ ವಿಮಾನದ ಹಿಂದಿನ ಸೀಟಿನಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದರು. ಫೋಟೊದಲ್ಲಿ ಅಂಥದೇ ಒಂದು ವಿಮಾನದ ರೆಕ್ಕೆಗೆ ಒರಗಿ ನಿಂತಿದ್ದಾರೆ. ಖಾಕಿ ಚಡ್ಡಿ, ಮೊಣಕಾಲಿನ ತನಕ ಕಾಲುಚೀಲ, ಓರೆಯಾಗಿಟ್ಟ ಟೊಪ್ಪಿಗೆ, ಆಗಷ್ಟೇ ಚಿಗುರಿದ ಮೀಸೆ. ಪುಣೆಯಿಂದ ಹೈದರಾಬಾದಿನ ಕಡೆಗೆ ಹೊರಟ ಅವರ ವಿಮಾನ ಅಲ್ಲಿಗೆ ಮುಟ್ಟಲಿಲ್ಲ. ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಕೆಲವು ತಿಂಗಳ ಮೇಲೆ, ತೀರಿಕೊಂಡಿದ್ದಾರೆಂದು ಭಾವಿಸಲಾಗಿದೆ ಎಂದು ಸರಕಾರದ ಪತ್ರ ಬಂತು. ಅದರಲ್ಲಿ ವಿಮಾನದ ನಂಬರೂ ಇತ್ತು.

ಅಜ್ಜಿ ಅದನ್ನು ಓದಿಸಿ ಕೇಳಿದಳಂತೆ. ಭಾವಿಸುವುದು ಸರಕಾರದವರ ಕೆಲಸ, ತನ್ನ ಮಗ ಬರುತ್ತಾನೆ ಎಂದಳಂತೆ. ಹೆಣ ಕಣ್ಣಾರೆ ನೋಡದೆ ಸೊಸೆಯ ಹಣೆಯ ಕುಂಕುಮ ಅಳಿಸುವುದಿಲ್ಲ ಎಂದು ಹಟ ಹಿಡಿದಳು. ಅಜ್ಜಿಯ ಮಾತು ನಮ್ಮ ಮನೆಯಲ್ಲಿ ಕಾಯಿದೆ. ಅಜ್ಜಿ ಹೋದ ಮೇಲೂ ಆ ಕಾಯಿದೆಯನ್ನು ಯಾರೂ ತೆಗೆಯಲಿಲ್ಲ, ಏಕೆಂದರೆ ತೆಗೆಯಬೇಕು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಸೊಸೆಯೇ ನನ್ನ ದೊಡ್ಡವ್ವ. ಮದುವೆಯಾದಾಗ ಹದಿನಾಲ್ಕರ ಹುಡುಗಿ. ಗಂಡನ ರಜೆ ಮುಗಿಯುವ ತನಕ, ಒಂದು ತಿಂಗಳೂ ತುಂಬಿರಲಿಲ್ಲ, ಇಬ್ಬರೂ ಒಂದೇ ಸೂರಿನಡಿ ಇದ್ದರು. ಹಿರಿಯರ ಮುಂದೆ ಗಂಡನ ಕಡೆ ಕಣ್ಣೆತ್ತಿ ನೋಡುವ ಹಾಗಿರಲಿಲ್ಲ. "ಫೋಟೊದಾಗಿನ ಮಾರಿ ಗುರ್ತದ ತಮ್ಮಾ, ಮನಷ್ಯಾನ ಮಾರಿ ಗುರ್ತಿಲ್ಲ. ಪಾದ ಅಷ್ಟ ಗುರ್ತವ," ಎಂದು ನನಗೆ ಒಮ್ಮೆ ಹೇಳಿದ್ದಳು. ಹಾಗೆ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಓಣಿಯಲ್ಲಿ ಕೆಲವರು ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು, ಕೆಲವರು ಕರೆಯುತ್ತಿರಲಿಲ್ಲ. ಕರೆದವರೂ ಅವಳನ್ನು ಸಾಲಿನ ಕೊನೆಗೆ ಕೂರಿಸುತ್ತಿದ್ದರು. ತವರಿನವರು ಮೊದಮೊದಲು ಕರೆದೊಯ್ಯಲು ಬಂದರು, ಆಮೇಲೆ ಬರುವುದನ್ನು ಬಿಟ್ಟರು. ನನ್ನ ತಾಯಿ ಬೇಗ ಹೋದಳು, ಹಾಗಾಗಿ ನನ್ನನ್ನು ಎತ್ತಿ ಬೆಳೆಸಿದವಳು ದೊಡ್ಡವ್ವನೇ. ಶೇಂಗಾ ಚಟ್ನಿ ಕುಟ್ಟುತ್ತ ಕುಟ್ಟುತ್ತ ಒರಳಿನ ಮುಂದೆಯೇ ನನಗೆ ಮಗ್ಗಿ ಕಲಿಸಿದಳು. ನಾನು ವಾಯುಪಡೆಗೆ ಸೇರುತ್ತೇನೆ ಎಂದಾಗ ಮನೆಯವರೆಲ್ಲ ಬೇಡ ಎಂದರು, ಒಬ್ಬ ಹೋದದ್ದು ಸಾಲದೇನು ಎಂದು ಅಪ್ಪ ಕೂಗಾಡಿದರು. ಅವಳು ಮಾತ್ರ ನನ್ನನ್ನು ಹಿತ್ತಲಿಗೆ ಕರೆದು, "ಹೋಗು. ಅಲ್ಲಿ ಯಾರನ್ನರ ಕೇಳು," ಎಂದಳು.

ನಾನು ಕೇಳಿದೆ. ಕೇಳಿದವರು ನನ್ನ ಮುಖ ನೋಡಿ, ಆ ಕಾಲದ್ದೆಲ್ಲ ಇಂಗ್ಲೀಷರು ಕಟ್ಟಿಕೊಂಡು ಹೋದರು ಎಂದರು. ನಾನು ವಿಮಾನದ ಒಡಲು ರಿಪೇರಿ ಮಾಡುವ ಫಿಟ್ಟರ್. ರಿವೆಟ್ಟು, ತಗಡು, ತುಕ್ಕು, ಬಿರುಕು, ಇವೇ ನನ್ನ ಬದುಕು. ನಮ್ಮ ಕೆಲಸದಲ್ಲಿ ಒಂದು ನಿಯಮ ಇತ್ತು. ಕಣ್ಣಿನಿಂದ ನೋಡದ ಕೆಲಸಕ್ಕೆ ಸಹಿ ಹಾಕಬಾರದು. ಮೇಲಿನ ಸಾಹೇಬರು ಹೆದರಿಸಿದರೂ ಹಾಕಬಾರದು, ಮಳೆ ಬರುತ್ತಿದೆ, ವಿಮಾನ ಹೊರಡಬೇಕು ಎಂದರೂ ಹಾಕಬಾರದು. ನಾನು ಹಾಕಲೂ ಇಲ್ಲ. ಅದರಿಂದ ನನಗೆ ಮೊಂಡ ಎಂಬ ಹೆಸರು ಬಂತು, ಆ ಹೆಸರಿನ ಬಗ್ಗೆ ನನಗೆ ಒಳಗೊಳಗೆ ಜಂಬವೂ ಇತ್ತು.

ನಿವೃತ್ತನಾಗಿ ಬಂದು ಎಷ್ಟೋ ವರ್ಷಗಳಾದ ಮೇಲೆ, ದೊಡ್ಡವ್ವ ತೊಂಬತ್ತು ದಾಟಿ ಹಾಸಿಗೆ ಹಿಡಿದಿದ್ದಾಗ, ಅಕ್ಕಲಕೋಟೆ ತಾಲೂಕಿನಿಂದ ಒಬ್ಬ ಸಾಲಿ ಮಾಸ್ತರರ ಫೋನು ಬಂತು. ಕರಜಗಿಯ ಆಚೆ ಒಂದು ಸಣ್ಣ ಊರು. ಹೊಲದಲ್ಲಿ ನೀರಿನ ಹೊಂಡ ತೋಡಲು ಜೇಸಿಬಿ ಹಚ್ಚಿದ್ದರಂತೆ, ಮಣ್ಣಿನಿಂದ ವಿಮಾನದ ತುಂಡುಗಳು ಬಂದವಂತೆ. ಯಾರೋ ನನ್ನ ಹೆಸರು ಹೇಳಿದ್ದರು. "ಬಂದು ಗುರ್ತು ಹಿಡೀತೀರೇನ್ರಿ ಸರ್? ಇಲ್ಲಾಂದ್ರ ಮಂದಿ ಮೋಡಿಗೆ ಹಾಕ್ತಾರ," ಎಂದರು. ಮೋಡಿ ಎಂದರೆ ಗುಜರಿ. ಫೋನು ಇಟ್ಟು ನಾನು ಗೋಡೆಯ ಮೇಲಿನ ಫೋಟೊ ನೋಡಿದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ವಿಮಾನ ನಮ್ಮ ಸೀಮೆಯ ಮೇಲೇ ಹಾಯಬೇಕು.

ಮರುದಿನ ಎಸ್‌ಟಿ ಬಸ್ಸು ಹತ್ತಿದೆ. ಅಕ್ಕಲಕೋಟೆಯ ತನಕ ಭಕ್ತರ ಗದ್ದಲ, ಅಲ್ಲಿಂದ ಮುಂದೆ ಕುರಿಯವರು, ಹಾಲಿನ ಕ್ಯಾನುಗಳು. ಬಸ್ಸಿನ ಬೋರ್ಡು ಮರಾಠಿ, ಟಿಕೀಟು ಮರಾಠಿ, ಸೀಟಿಗಾಗಿ ಜಗಳ ಮಾತ್ರ ಕನ್ನಡ. ಮಾಸ್ತರರು ಸ್ಟ್ಯಾಂಡಿಗೆ ಬಂದಿದ್ದರು. ಮನೆಯಲ್ಲಿ ಕನ್ನಡ ಆಡುವ, ಕನ್ನಡ ಓದಲು ಬಾರದ ಹೊಸ ಕಾಲದ ಮನುಷ್ಯ, ಆದರೆ ಮುತುವರ್ಜಿಯವರು. ಶಾಲೆಯ ಒಂದು ಖೋಲಿಯಲ್ಲಿ ಗೋಣಿತಟ್ಟು ಹಾಸಿ ತುಂಡುಗಳನ್ನು ಸಾಲಾಗಿ ಜೋಡಿಸಿ, ಮರಾಠಿಯಲ್ಲಿ ಚೀಟಿ ಅಂಟಿಸಿದ್ದರು. ಎಣ್ಣೆ ಟಾಕಿಯ ಬಾಯಿಯೊಂದಕ್ಕೆ ಬಾಂಬು ಎಂದು ಬರೆದು, ಅದನ್ನು ಮಾತ್ರ ದೂರದ ಮೂಲೆಯಲ್ಲಿ ಇಟ್ಟಿದ್ದರು. ಅದನ್ನು ನಾನು ಕೈಗೆತ್ತಿಕೊಂಡಾಗ ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ನೆಲಕ್ಕೆ ಕೂತೆ. ಮಣ್ಣು ತಿಂದ ಅಲ್ಯುಮಿನಿಯಂ ಬಿಳಿ ಹಿಟ್ಟಿನಂತೆ ಉದುರುತ್ತದೆ, ಒರಟಾಗಿ ಒರೆಸಬಾರದು. ಹಲ್ಲುಜ್ಜುವ ಬ್ರಶ್ಶು, ನೀರು, ಭೂತಕನ್ನಡಿ ಹಿಡಿದು ಒಂದೊಂದನ್ನೇ ತೊಳೆದೆ. ತಗಡಿನ ಒಳಮೈಗೆ ಹಳದಿ ಮಿಶ್ರಿತ ಹಸಿರು ಬಣ್ಣ ಇನ್ನೂ ಅಲ್ಲಲ್ಲಿ ಇತ್ತು. ಸ್ಕ್ರೂಗಳ ತಲೆಯಲ್ಲಿ ಅಧಿಕ ಚಿಹ್ನೆಯಂಥ ಗೀರು. ಆ ಕಾಲದಲ್ಲಿ ಅಂಥ ಸ್ಕ್ರೂ ಹಾಕುತ್ತಿದ್ದವರು ಹೆಚ್ಚಾಗಿ ಅಮೆರಿಕದವರು. ಎರಕದ ಒಂದು ತುಂಡಿನ ಮೇಲೆ ಒತ್ತಿದ ನಂಬರು ಸಿಕ್ಕಿತು. ಅದರ ಫೋಟೊ ತೆಗೆದು, ಹಳೆಯ ವಿಮಾನಗಳ ಹುಚ್ಚಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಮೊಬೈಲಿನಲ್ಲೇ ಕಳಿಸಿದೆ. ಮಾಸ್ತರರು ತಂದ ಚಹ ಮುಗಿಯುವುದರೊಳಗೆ ಉತ್ತರ ಬಂತು. ದೊಡ್ಡಪ್ಪ ಒರಗಿ ನಿಂತ ವಿಮಾನದ್ದೇ ಜಾತಿ.

ತಟ್ಟಿನ ತುದಿಗೆ ಒಂದು ಸೊಟ್ಟ ಉಕ್ಕಿನ ಉಂಗುರ ಇತ್ತು. ಅದಕ್ಕೆ ಮಾಸ್ತರರ ಚೀಟಿ ಇರಲಿಲ್ಲ. ಅದು ಹಿಂದಿನ ಸೀಟು ಸುತ್ತ ತಿರುಗಲೆಂದು ಕೆಳಗೆ ಕೂರಿಸುವ ಉಂಗುರ. ಅದರ ಮೇಲಿನ ಸೀಟಿನಲ್ಲಿ ಒಬ್ಬ ಹುಡುಗ ಕೂತಿದ್ದ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ನನಗೆ ಭಯವಾಯಿತು. ಇಷ್ಟು ವರ್ಷ ಹುಡುಕಿದ್ದು ಸಿಗುತ್ತದೇನೋ ಎಂಬ ಭಯ.

ಆದರೆ ಜಾತಿ ಗೊತ್ತಾದರೆ ಸಾಲದು. ಆ ಜಾತಿಯ ವಿಮಾನಗಳು ಎಷ್ಟೋ ಹಾರಿದವು, ಎಷ್ಟೋ ಬಿದ್ದವು. ಇದು ಅವುಗಳಲ್ಲಿ ಯಾವುದು ಎಂದು ಹೇಳಲು ವಿಮಾನದ ಸ್ವಂತ ನಂಬರು ಬೇಕು. ಅದು ಅಂಗೈಗಿಂತ ಸಣ್ಣದಾದ ಒಂದು ತಗಡಿನ ಮೇಲೆ ಇರುತ್ತದೆ, ಸೀಟಿನ ಆಸುಪಾಸು ರಿವೆಟ್ಟು ಹೊಡೆದು ಕೂರಿಸಿರುತ್ತಾರೆ. ಅಂಥದೇನಾದರೂ ಬಂತೇ ಎಂದು ಕೇಳಿದೆ. ಮಾಸ್ತರರು ತಲೆ ಕೆರೆದುಕೊಂಡು, "ಇಮಾನಪ್ಪನ್ನ ನೋಡ್ರಿ ಒಮ್ಮಿ," ಎಂದರು.

ಇಮಾನಪ್ಪ, ಎಂದರೆ ವಿಮಾನದಿಂದ ಬಂದ ದೇವರು, ಹೊಂಡದಿಂದ ಸ್ವಲ್ಪ ದೂರ, ಬೇವಿನ ಗಿಡದ ಕೆಳಗೆ ಇದ್ದ. ಸೊಂಟದೆತ್ತರದ ಒಂದು ಆಕಾರ, ಮೇಲೆ ತಲೆಯಂತೆ ದುಂಡಗೆ, ಕೆಳಗೆ ಹೆಗಲಂತೆ ಅಗಲ, ಮೈತುಂಬ ಕಿತ್ತಳೆ ಕೆಂಪಿನ ಶೇಂದೂರ. ಹಣಮಪ್ಪನಿಗೆ ಬಳಿಯುವ ಹಾಗೆ, ಎಣ್ಣೆಯಲ್ಲಿ ಕಲಸಿ, ಅಮಾವಾಸ್ಯೆಗೊಮ್ಮೆ ಬಳಿದು ಬಳಿದು ಅದು ಬೆರಳಿನ ದಪ್ಪಕ್ಕೆ ಬೆಳೆದಿತ್ತು. ಊರಿನವರು ಅದನ್ನು ದೇವರ ತಲೆ, ದೇವರ ಹೆಗಲು ಎನ್ನುತ್ತಿದ್ದರು. ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಪೈಲಟನ ಬೆನ್ನಿಗೆ ಗುಂಡು ತಾಗದಂತೆ ಅವನ ಸೀಟಿನ ಹಿಂದೆ ನಿಲ್ಲಿಸುವ ಉಕ್ಕಿನ ಹಲಗೆ. ತಲೆಯೂ ಹೌದು, ಹೆಗಲೂ ಹೌದು, ಮನುಷ್ಯನ ಅಳತೆಗೇ ಮಾಡಿದ್ದು.

ಪೂಜಾರಿ ಮುದುಕ, ಕುರಿ ಕಾಯುವ ಮನೆತನದವನು. ಕಂಬಳಿ ಹಾಸಿ ನನ್ನನ್ನು ಕೂರಿಸಿ ಹೇಳಿದ. "ನಮ್ಮ ಮುತ್ಯಾ ಕಣ್ಣಿಲೆ ಕಂಡಾನ್ರಿ. ಹಾಡಹಗಲ, ಸುಡು ಬಿಸಲಾಗ ಬಿತ್ತಂತ. ಎರಡು ಜೀವ ಇದ್ದೂವಂತ. ಉಳದದ್ದು ಬೂದಿ ಅಷ್ಟ. ಪೊಲೀಸರು ಬಂದ್ರ ನಮ್ಮನ್ನ ಒಯ್ತಾರಂತ ಅಂಜಿ, ಯಾರಿಗೂ ಹೇಳದ ಮಣ್ಣು ಮಾಡ್ಯಾರ. ಕೆಟ್ಟ ಸಾವು ಸತ್ತವರು ಊರಿಗಿ ಕಾಡಬಾರದಲ್ರಿ, ಅದಕ್ಕ ಮ್ಯಾಲ ಇದನ್ನ ನಟ್ಟು ಪೂಜಿ ಹಚ್ಯಾರ."

"ಇಷ್ಟು ವರ್ಷ ಕಾಡ್ಯಾನೇನು?" ಎಂದು ಕೇಳಿದೆ.

"ಇಲ್ರಿ. ಶಾಣ್ಯಾ ದೇವರು," ಎಂದ ಮುದುಕ.

ಅಪ್ಪಣೆ ಪಡೆದು ಶೇಂದೂರದ ಮೇಲೆ ಕೈಯಾಡಿಸಿದೆ. ಹಿಂಬದಿಯಲ್ಲಿ, ಹೆಗಲಿನ ಕೆಳಗೆ, ನುಣುಪಿನ ಒಳಗೊಂದು ಚೌಕ ಉಬ್ಬು ತಾಗಿತು. ಅಂಗೈಗಿಂತ ಸಣ್ಣದು. ನಾಲ್ಕು ಮೂಲೆಯಲ್ಲಿ ನಾಲ್ಕು ಗುಬುಟು. ನನ್ನ ಬೆರಳಿಗೆ ಅದು ತಗಡು ಎಂದು ಗೊತ್ತಾಯಿತು. ಜೇಬಿನಲ್ಲಿ ಸಣ್ಣ ಚಾಕು ಇತ್ತು. ಮುದುಕ ನನ್ನ ಮುಖ ನೋಡಿದ, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಕೆತ್ತೂ ಹಂಗಿಲ್ರಿ ಸಾಹೇಬ್ರ," ಎಂದ. "ಅದು ಮೈ ಚರ್ಮ. ದಪ್ಪಾದ ಮ್ಯಾಲ ತಾನ ಬಿಡ್ತದ. ಬಿಟ್ಟಾಗ ಒಯ್ದು ಭೀಮಾದಾಗ ಬಿಟ್ಟು ಬಂದು, ಹೊಸಾದು ಹಚ್ಚಬೇಕು. ಈಗ ಮ್ಯಾಲ ಸಡಲಾಗ್ಯದ ನೋಡ್ರಿ, ಹತ್ತರ ಬಂದದ. ನಿಮಗ ಬೇಕಾದ್ದು ಏನದ, ಒಳಗಿನ ಕಬ್ಬಣ ನೋಡೂದು ಹೌದಲ್ಲೋ? ಅದು ಬಿಟ್ಟ ದಿನ ನಿಮಗ ಫೋನ್ ಮಾಡಸ್ತೀನಿ. ನೀವು ನೋಡಿದ ಮ್ಯಾಲೇ ಹೊಸಾದು ಹಚ್ಚತೀವಿ."

ಇದಕ್ಕಿಂತ ಹೆಚ್ಚು ಯಾರು ಏನು ಕೊಡಬಲ್ಲರು? ನಾನು ಕೈ ಮುಗಿದೆ.

ಮನೆಗೆ ಬಂದು ದೊಡ್ಡವ್ವನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಅವಳೇ ಕೇಳಿದಳು. ನನ್ನ ಮುಖ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು, ಮುಚ್ಚಿಡುವುದು ಸಾಧ್ಯವಿರಲಿಲ್ಲ. ಎಲ್ಲ ಹೇಳಿದೆ. ತುಂಡುಗಳು, ಜಾತಿ, ಬೇವಿನ ಗಿಡ, ಶೇಂದೂರದೊಳಗಿನ ತಗಡು. ಅವಳು ಗೋಡೆಯ ಕಡೆ ನೋಡುತ್ತ ಕೇಳಿದಳು. ಆಮೇಲೆ ವಿಮಾನದ ನಂಬರು ಹೇಳಿದಳು. ಇಂಗ್ಲೀಷು ಬಾರದ ದೊಡ್ಡವ್ವ, ಎರಡು ಇಂಗ್ಲೀಷ್ ಅಕ್ಷರ, ಮೂರು ಅಂಕೆ, ತಡೆಯದೆ ಹೇಳಿದಳು. ಅಪ್ಪ ಪತ್ರ ಓದಿದಾಗ ಕೇಳಿ ಬಾಯಿಪಾಠ ಮಾಡಿದ್ದಂತೆ.

"ಅದ ನಂಬರ್ ಇದ್ರ ಅವರದು ಹೌದಲ್ಲೋ?"

"ಹೌದು."

"ಹಂಗಾದ್ರ ಲಗು ನೋಡಿ ಬಾ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾ ಅತ್ತಿಲ್ಲ ತಮ್ಮಾ. ತಂತಿ ಬಂದ ದಿನಾ ಸುದ್ದಾ ನಮ್ಮತ್ತಿ ಅಳಾಕ ಬಿಡಲಿಲ್ಲ. ಬದುಕಿದ್ದವರ ಸಲುವಾಗಿ ಅತ್ತರ ಅಪಶಕುನ ಅಂತ ಬಾಯಿ ಹಿಡದಳು. ಆಮ್ಯಾಲ ಅಳೂದಂದ್ರ ಹ್ಯಾಂಗಂತ ಮರತು ಹೋತು. ಅವರು ಹೋಗ್ಯಾರಂತ ಖಾತ್ರಿ ಆದ್ರ ಒಮ್ಮಿ ಅತ್ತು, ಇದನ್ನ ತಗದು, ಹಗರಾಗಿ ಹೋಗ್ತೀನಿ," ಎಂದು ಹಣೆ ತೋರಿಸಿದಳು.

ನಾನು ಈ ತನಕ ತಪ್ಪು ತಿಳಿದಿದ್ದೆ. ನಾವೆಲ್ಲರೂ ಹಾಗೇ ತಿಳಿದಿದ್ದೆವು. ಅವಳು ಅವರ ದಾರಿ ಕಾಯುತ್ತಿದ್ದಾಳೆ ಎಂದುಕೊಂಡು, ಅವಳ ಆಸೆ ಮುರಿಯಬಾರದು ಎಂದು, ಆ ಫೋಟೊಗೆ ಹಾರ ಹಾಕದೆ ಬಿಟ್ಟೆವು. ಅವಳು ಕಾಯುತ್ತಿದ್ದುದು ಯಾರಾದರೂ ಬಂದು, ಸಾಕು, ಇನ್ನು ಅಳು ಎಂದು ಹೇಳುವುದನ್ನು.

ತಿಂಗಳುಗಳು ಹೋದವು. ಅಮಾವಾಸ್ಯೆ ಬಂದಾಗಲೆಲ್ಲ ಮಾಸ್ತರರಿಗೆ ಫೋನು ಮಾಡುತ್ತಿದ್ದೆ. ನಡುವೆ ಒಮ್ಮೆ ಹೋಗಿಯೂ ಬಂದೆ. ವಿಮಾನದ ರೆಕ್ಕೆಯಲ್ಲಿ ಪದರ ಬಿಟ್ಟಿದೆಯೇ ಎಂದು ನೋಡಲು ನಾವು ನಾಣ್ಯದಿಂದ ತಟ್ಟಿ ಕೇಳುತ್ತೇವೆ. ಗಟ್ಟಿ ಇದ್ದಲ್ಲಿ ಸದ್ದು ಗಣಗಣ, ಬಿಟ್ಟಲ್ಲಿ ಬೊಳ್ಳು. ಇಮಾನಪ್ಪನ ಮೈಯನ್ನೂ ಹಾಗೇ ಎರಡು ರೂಪಾಯಿ ನಾಣ್ಯದಿಂದ ತಟ್ಟಿದೆ. ತಲೆ ಬೊಳ್ಳು, ಹೆಗಲು ಬೊಳ್ಳು. ತಗಡಿನ ಮೇಲೆ ಮಾತ್ರ ಸದ್ದು ಗಟ್ಟಿ ಬಂತು. ಮುದುಕ ಕುತೂಹಲದಿಂದ ನೋಡಿ, ಇದು ನಿಮ್ಮ ಕಡೆಯ ಪೂಜೆಯೇನು ಎಂದು ಕೇಳಿದ. ಹೌದು ಎಂದೆ. ಊರಿಗೆ ಬರುವಷ್ಟರಲ್ಲಿ ದೊಡ್ಡವ್ವ ಅನ್ನ ಬಿಟ್ಟು ಗಂಜಿಗೆ ಬಂದಿದ್ದಳು.

ಆಮೇಲೆ ಒಂದು ಅಮಾವಾಸ್ಯೆಗೆ, ಶೇಂದೂರ ಬಿಟ್ಟಿತು ಎಂದು ಫೋನು ಬಂದಾಗ ನನಗೆ ಜ್ವರ. ನನ್ನ ಹೆಂಡತಿ ಎದ್ದೇಳಲು ಬಿಡಲಿಲ್ಲ. ಮಾಸ್ತರರು, "ಗಡಬಡ ಮಾಡಬ್ಯಾಡ್ರಿ ಸರ್, ಅಜ್ಜ ಮಾತು ಕೊಟ್ಟಾನಲ್ಲ, ನೀವು ಬರೂತನಾ ಹಂಗ ಇಡ್ತಾನ," ಎಂದರು. ಮೂರನೇ ದಿನ, ಮೈ ಇನ್ನೂ ಬಿಸಿ ಇದ್ದಾಗಲೇ ಹೋದೆ.

ಬೇವಿನ ಗಿಡದ ಸುತ್ತ ಹತ್ತಾರು ಮಂದಿ ಸೇರಿದ್ದರು. ಎಲ್ಲರ ಮುಖದಲ್ಲಿ ಒಂದು ಹೆಮ್ಮೆ. ಮುದುಕ ಹೊಸ ಪಟಕಾ ಸುತ್ತಿದ್ದ. ಹಲಗೆಯ ಮೇಲೆ ಬಿಳಿ ಪಂಜೆ ಹೊದಿಸಿದ್ದ. "ದೇವರನ್ನ ಬರಿಮೈಲೆ ಇಡೂ ಹಂಗಿಲ್ರಿ. ಬಿಟ್ಟ ದಿನಾನ ಹೊಸಾದು ಹಚ್ಚಬೇಕು. ಊರಾಗ ಕೆಲವರು ಬೈದ್ರು. ಆದ್ರ ನಾ ಮಾತು ಕೊಟ್ಟಿದ್ದೆ," ಎಂದು ಪಂಜೆ ಸರಿಸಿದ.

ಕಪ್ಪು ಉಕ್ಕು, ಎಣ್ಣೆ ಕುಡಿದು ಮಿನುಗುತ್ತಿತ್ತು. ಒಂದು ಕಡೆಯೂ ತುಕ್ಕಿಲ್ಲ. ಹೆಗಲಿನ ಕೆಳಗೆ ಒಂದು ಚೌಕ, ಉಳಿದ ಮೈಗಿಂತ ತಿಳಿಬಣ್ಣ, ನಾಲ್ಕು ಮೂಲೆಗೆ ನಾಲ್ಕು ತೂತು. ತಗಡು ಇರಲಿಲ್ಲ.

ನಾನು ಬಗ್ಗಿ ತೂತುಗಳನ್ನು ನೋಡಿದೆ. ಒಳಗೆ ಬಿಳಿ ಹಿಟ್ಟು. ಅಲ್ಯುಮಿನಿಯಂ ರಿವೆಟ್ಟು, ಉಕ್ಕಿನ ಹಲಗೆ. ಎರಡು ಲೋಹ ಒಂದಕ್ಕೊಂದು ತಾಗಿದರೆ ಬಡವಾದದ್ದನ್ನು ಇನ್ನೊಂದು ತಿಂದುಹಾಕುತ್ತದೆ, ಇದು ನಮ್ಮ ಕೆಲಸದ ಮೊದಲ ಪಾಠ. ರಿವೆಟ್ಟುಗಳು ಹಿಂದಿನ ಸಲ ಚರ್ಮ ಬಿಟ್ಟ ಮೇಲೆ ಯಾವಾಗಲೋ ಕರಗಿಹೋಗಿದ್ದವು. ತಗಡು ನಿಂತಿದ್ದು ಶೇಂದೂರದ ಹಿಡಿತದ ಮೇಲೆ. ನಾಣ್ಯಕ್ಕೆ ಗಟ್ಟಿ ಸದ್ದು ಬಂದದ್ದು ತಗಡು ಮತ್ತು ಶೇಂದೂರ ಒಂದಾಗಿದ್ದಕ್ಕೆ. ನಾನು ಅದನ್ನು ತಗಡು ಮತ್ತು ಉಕ್ಕು ಒಂದಾಗಿದೆ ಎಂದು ಕೇಳಿಸಿಕೊಂಡಿದ್ದೆ.

"ಬಿಟ್ಟ ಚರ್ಮ ಎಲ್ಲದ?" ಎಂದು ಕೇಳಿದೆ.

"ಅದನ್ನ ಅವತ್ತೇ ಬಿಟ್ಟು ಬಂದೇವ್ರಿ," ಎಂದ ಮುದುಕ. "ಅದು ನೆಲಕ್ಕ ತಾಗೂ ಹಂಗಿಲ್ಲ, ಒಂದಿನಾ ನಿಲ್ಲೂ ಹಂಗಿಲ್ಲ. ಹೊಸಾ ಜಮಖಾನಿಯೊಳಗ ಹಿಡಕೊಂಡು, ಬ್ಯಾಂಡ್ ಹಚ್ಚಿ, ಟ್ರ್ಯಾಕ್ಟರ್ ಮ್ಯಾಲ ಭೀಮಾಕ್ಕ ಒಯ್ದೇವು. ನಡು ಹೊಳಿಗಿ ಹೋಗಿ ಬಿಟ್ಟು ಬಂದೇವು. ಯಾಕ್ರಿ, ಕಬ್ಬಣ ನೋಡೂದು ಅಂದಿದ್ರಲ್ಲ? ಕಬ್ಬಣ ಇಟ್ಟೇವಿ."

ಅವರು ತಪ್ಪು ಮಾಡಿರಲಿಲ್ಲ. ಕೊಟ್ಟ ಮಾತನ್ನು ಒಂದಕ್ಷರ ಬಿಡದೆ ನಡೆಸಿದ್ದರು, ದೇವರನ್ನು ಬೆತ್ತಲೆ ನಿಲ್ಲಿಸಿದ ಪಾಪವನ್ನೂ ಹೊತ್ತಿದ್ದರು. ನನಗೆ ಕಬ್ಬಿಣ ಬೇಕು ಎಂದು ಅವರು ತಿಳಿದರು, ಕಬ್ಬಿಣ ಉಳಿಸಿದರು. ನಾನು ಸಿಟ್ಟು ಮಾಡಿಕೊಳ್ಳಲು ಯಾರೂ ಇರಲಿಲ್ಲ, ಅದೇ ದೊಡ್ಡ ಕಷ್ಟ. ಆ ಚೌಕದ ಮೇಲೆ ಬೆರಳಿಟ್ಟು ತಗಡಿನ ಮಾತು ಹೇಳಿದೆ.

ವಿಷಯ ತಿಳಿದಾಗ ಮುದುಕನ ಮುಖ ಬಿದ್ದುಹೋಯಿತು. ಕೂಡಲೇ ಟ್ರ್ಯಾಕ್ಟರ್ ಹೊರಡಿಸಿದ. ಭೀಮಾ ದಂಡೆಗೆ ಹೋದೆವು. ಅವರು ಬಿಟ್ಟ ಜಾಗದಲ್ಲಿ ಮರಳು ತೆಗೆದು ತೆಗೆದು ಮಡು ಬಿದ್ದಿತ್ತು, ಕೆಳಗಿನ ಒಡ್ಡಿನಿಂದ ಹಿನ್ನೀರು ನಿಂತಿತ್ತು. ಈಜು ಬಲ್ಲವರು ನಾಲ್ಕಾರು ಮಂದಿ ಮುಳುಗಿ ಮುಳುಗಿ ನೋಡಿದರು. ಹಿಡಿ ಕೆಸರು, ಯಾರದೋ ಗಣಪತಿಯ ಕೈ, ಹರಿದ ಬಲೆ. ಹೊತ್ತು ಇಳಿಯುವ ತನಕ ಹುಡುಕಿದರು. ಕೊನೆಗೆ ನಾನೇ ಸಾಕು ಎಂದೆ. ಮುದುಕ ದಂಡೆಯ ಮೇಲೆ ನಿಂತು, "ನಮಗ ತಿಳೀಲಿಲ್ರಿ," ಎಂದು ಒಂದೇ ಮಾತನ್ನು ಹೇಳುತ್ತಲೇ ಇದ್ದ.

ಮನೆಗೆ ಬಂದಾಗ ದೊಡ್ಡವ್ವ ಎಚ್ಚರ ಇದ್ದಳು. ದಿಂಬಿಗೆ ಒರಗಿಸಿ ಕೂರಿಸು ಎಂದಳು. ಕೂರಿಸಿದೆ.

"ಹೌದೋ, ಅಲ್ಲೋ?"

ಆ ಒಂದು ಕ್ಷಣ ಎಲ್ಲವೂ ನನ್ನ ಕೈಯಲ್ಲಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಯಾವ ಸಾಹೇಬ ಬಂದು ಪರೀಕ್ಷೆ ಮಾಡುತ್ತಿದ್ದ? ಆದರೆ ನಾಲಗೆ ಏಳಲಿಲ್ಲ. ಬದುಕಿಡೀ ನೋಡದ ಕೆಲಸಕ್ಕೆ ಸಹಿ ಹಾಕದ ನಾಲಗೆ ಅದು. "ಗೊತ್ತಾಗಲಿಲ್ಲ ದೊಡ್ಡವ್ವ. ತಗಡು ಹೊಳಿಪಾಲಾಯ್ತು," ಎಂದೆ.

"ನಿನಗ ಏನ ಅನಸ್ತದ?" ಎಂದಳು.

"ಅವರದ ಅನಸ್ತದ."

"ಅಷ್ಟ ಸಾಕು ನನಗ," ಎಂದಳು. ಸೆರಗಿನ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿ, ಹಣೆ ಒರೆಸಿಕೊಂಡಳು. ಎಂಬತ್ತು ವರ್ಷದ ಕುಂಕುಮದ ಕೆಳಗೆ ಅವಳ ಹಣೆಯ ಚರ್ಮ ಬೆಳ್ಳಗೆ, ಮಗುವಿನ ಚರ್ಮದಂತೆ ಇತ್ತು. ಆಮೇಲೆ ಬಾಯಿ ತೆರೆದಳು. ಸದ್ದು ಬರಲಿಲ್ಲ. ಮತ್ತೊಮ್ಮೆ ತೆರೆದಳು. ಒಂದು ಸಣ್ಣ ಧ್ವನಿ ಹೊರಟಿತು, ಅಷ್ಟರಲ್ಲಿ ಅಡಿಗೆಮನೆಯಿಂದ ನನ್ನ ಹೆಂಡತಿ ಓಡಿ ಬಂದಳು.

ನನ್ನ ಹೆಂಡತಿ ಕೆಟ್ಟವಳಲ್ಲ. ದೊಡ್ಡವ್ವನ ಮಲಮೂತ್ರ ತೆಗೆದವಳು, ಚಮಚೆಯಿಂದ ಗಂಜಿ ಕುಡಿಸಿದವಳು. ಅವಳು ಹೆದರಿದಳು. ಬರಿದಾದ ಹಣೆ ನೋಡಿ, ಮುದುಕಿಗೆ ಭ್ರಮೆಯಾಗಿದೆ ಎಂದುಕೊಂಡು, ದೇವರ ಮುಂದಿನ ಕುಂಕುಮದ ಕರಡಿಗೆ ತಂದು ಮತ್ತೆ ಹಚ್ಚಿದಳು. "ಹಂಗ ಮಾಡಬಾರದ್ರಿ ಅತ್ತಿ, ಮನಿಗಿ ಒಳ್ಳೇದಲ್ಲ, ಅಳಬ್ಯಾಡ್ರಿ," ಎಂದು ಮಗುವಿಗೆ ಹೇಳುವಂತೆ ಹೇಳಿದಳು. ದೊಡ್ಡವ್ವನ ಬಾಯಿ ಮುಚ್ಚಿತು.

ಮರುದಿನ ಅವಳು ಮತ್ತೆ ಒರೆಸಿಕೊಂಡಳು. ಹೆಂಡತಿ ಮತ್ತೆ ಹಚ್ಚಿದಳು. ಹೀಗೇ ನಡೆಯಿತು. ನಾನು ಹೆಂಡತಿಯನ್ನು ಹೊರಗೆ ಕರೆದು, ಬಿಟ್ಟುಬಿಡು, ಅದು ಅವಳ ಇಷ್ಟ ಎಂದೆ.

"ನಿಮಗ ಖಾತ್ರಿ ಅದನೇನು?" ಎಂದಳು ಅವಳು. ದನಿ ಏರಿಸಲಿಲ್ಲ. "ಗಂಡ ಹೋಗ್ಯಾನಂತ ನೋಡಿ ಬಂದೀರೇನು? ನೀವು ಖಾತ್ರಿ ಅಂತ ಒಂದು ಮಾತು ಹೇಳ್ರಿ, ನಾನ ನನ್ನ ಕೈಲೆ ಒರಸ್ತೀನಿ. ಇಲ್ಲಂದ್ರ ಇದ್ದವರ ಕುಂಕುಮ ಅಳಿಸಿದ ಪಾಪ ನನಗ ಬ್ಯಾಡ."

ಅವಳು ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು.

ಕೆಲವು ದಿನಗಳ ಮೇಲೆ ದೊಡ್ಡವ್ವನ ಕೈಗೆ ಒರೆಸಿಕೊಳ್ಳುವ ಶಕ್ತಿ ಉಳಿಯಲಿಲ್ಲ. ಹೆಂಡತಿ ಬೆಳಿಗ್ಗೆ ಹಚ್ಚಿದ್ದು ಸಂಜೆಯ ತನಕ ಹಾಗೇ ಇರುತ್ತಿತ್ತು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಅವಳು ನನ್ನ ಕಡೆ ನೋಡುತ್ತಿದ್ದಳು, ಬೈಯುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಗೇ ನೋಡುತ್ತ ಹೋದಳು. ಅಳಲು ಅವಳಿಗೆ ಕೊನೆಗೂ ಆಗಲಿಲ್ಲ.

ಸುದ್ದಿ ಓಣಿಗೆ ಹಬ್ಬಿತು. ಇಷ್ಟು ವರ್ಷ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯದಿದ್ದ ಮನೆಗಳ ಹೆಂಗಸರೂ ಬಂದರು. ಹಸಿರು ಸೀರೆ ಉಡಿಸಿದರು, ಉಡಿ ತುಂಬಿದರು, ಹಣೆ ಮುಚ್ಚುವಷ್ಟು ಕುಂಕುಮ ಹಚ್ಚಿದರು. ತೊಂಬತ್ತು ದಾಟಿದ ಮುತ್ತೈದೆಯ ಕುಂಕುಮ ಸಿಗುವುದು ಅಪರೂಪವಂತೆ. ಒಬ್ಬೊಬ್ಬರೇ ಬಗ್ಗಿ, ಅವಳ ಹಣೆಯಿಂದ ಚಿಟಿಕೆ ತೆಗೆದು, ತಮ್ಮ ತಮ್ಮ ಗಂಡಂದಿರ ಆಯುಷ್ಯಕ್ಕೆಂದು ತಾವು ಹಚ್ಚಿಕೊಂಡರು. ಸಾಲು ಬಾಗಿಲ ಹೊರಗಿನ ತನಕ ಇತ್ತು.

ಆ ಸಾಲಿನಲ್ಲಿ ಬಂದ ಒಬ್ಬ ವಯಸ್ಸಾದ ಹೆಂಗಸು ನನ್ನ ಮುಂದೆ ನಿಂತು, ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು. "ಪುಣ್ಯವಂತಿ ನೋಡ್ರಿ. ಗಂಡನ್ನ ಕಳಕೊಂಡ ದುಃಖ ಒಂದಿನಾನೂ ಕಾಣಲಿಲ್ಲ."

ಅವಳು ನನ್ನ ಉತ್ತರಕ್ಕಾಗಿ ನಿಂತಿದ್ದಳು. ಹಿಂದೆ ಇನ್ನೂ ಬಹಳ ಮಂದಿ ಇದ್ದರು.

"ಹೌದ್ರಿ," ಎಂದೆ.